ಮೊದಲನೆಯ ಬಾಗಿಲು: ವಾಲ್ಜರರ ಸದಸ್ಯತ್ವ ವಿಚಾರದ ವಿಮರ್ಶೆ

ರಾಜಕೀಯ ತತ್ತ್ವಶಾಸ್ತ್ರವು ವಲಸಿಗನನ್ನು ಬಹುಕಾಲ ಹೊಸ್ತಿಲಾಚೆಗೇ ನಿಲ್ಲಿಸಿತ್ತು. ಅಥೆನ್ಸಿನಲ್ಲಿ ಪೌರತ್ವವಿಲ್ಲದ ಪರದೇಶಸ್ಥನಾಗಿ ಬಾಳಿದ ಅರಿಸ್ಟಾಟಲನೇ, ಒಂದು ಸ್ಥಳದಲ್ಲಿ ವಾಸಿಸಿದ ಮಾತ್ರಕ್ಕೆ ಯಾರೂ ಪೌರರಾಗರೆಂದು ಬೋಧಿಸಿದನು. ಈ ಪ್ರಶ್ನೆಯನ್ನು ನ್ಯಾಯವಿಚಾರದ ಮುಂಭಾಗಕ್ಕೆ ತಂದ ಕೃತಿಗಳಲ್ಲಿ ಮೈಕೆಲ್ ವಾಲ್ಜರರ ‘ಸ್ಫಿಯರ್ಸ್ ಆಫ್ ಜಸ್ಟಿಸ್’ (1983) ಮುಖ್ಯವಾದುದು. ಸಮುದಾಯವು ಹಂಚುವ ಮೊದಲನೆಯ ಸ್ವತ್ತು ಸದಸ್ಯತ್ವವೇ ಎಂಬುದು ಅದರ ಮೂಲಸೂತ್ರ.

ವಾಲ್ಜರರ ವಾದದಲ್ಲಿ ಎರಡು ಬಾಗಿಲುಗಳಿವೆ. ದೇಶದೊಳಕ್ಕೆ ಬರುವ ಮೊದಲನೆಯದು ಒಳಗಿನವರ ವಿವೇಚನೆಗೆ ಸೇರಿದ್ದು. ಸಂಕಟದಲ್ಲಿರುವವರಿಗೆ ನೆರವಾಗುವ ಕರ್ತವ್ಯವೇ ಮುಂತಾದ ಕೆಲವು ಮಿತಿಗಳು ಮಾತ್ರ ಅದಕ್ಕುಂಟು. ಪೌರತ್ವಕ್ಕೆ ಒಯ್ಯುವ ಎರಡನೆಯದನ್ನಾದರೋ, ಬಂದು ನೆಲಸಿ ದುಡಿಯುವವರಿಗೆ ಮುಚ್ಚುವಂತಿಲ್ಲ. ಪಶ್ಚಿಮ ಜರ್ಮನಿ, ಸ್ವಿಟ್ಜರ್ಲೆಂಡ್ ಮೊದಲಾದ ದೇಶಗಳ ‘ಅತಿಥಿ ಕಾರ್ಮಿಕ’ರನ್ನು ಮುಂದಿಟ್ಟುಕೊಂಡು, ದುಡಿಮೆಯನ್ನು ಪಡೆದು ಮಾತಿಗೆ ಕಿವಿಗೊಡದ ಆಳಿಕೆ ದಬ್ಬಾಳಿಕೆಯೇ ಎಂದು ಅವರು ತೀರ್ಮಾನಿಸುತ್ತಾರೆ. ಕೃತಿಯ ನೈತಿಕ ಬಲವಿರುವುದು ಇಲ್ಲಿ.

ದೌರ್ಬಲ್ಯವಿರುವುದು ಮೊದಲನೆಯ ಬಾಗಿಲಲ್ಲಿ. ‘ನಾವು’ ಎಂಬುದು ಮೊದಲೇ ಸಿದ್ಧವಾಗಿದೆಯೆಂದು ವಾಲ್ಜರರು ಭಾವಿಸುತ್ತಾರೆ. ಬಿಳಿಯರ ಆಸ್ಟ್ರೇಲಿಯ ನೀತಿಯನ್ನು ಚರ್ಚಿಸುವಾಗ ನೆಲದ ಒಡೆತನದ ಪ್ರಶ್ನೆಯ ಅಂಚಿಗೆ ಬಂದರೂ, ಅದನ್ನು ತಮ್ಮ ಸಿದ್ಧಾಂತದ ಬುಡಕ್ಕೆ ಒಯ್ಯುವುದಿಲ್ಲ. ಜೋಸೆಫ್ ಕ್ಯಾರೆನ್ಸ್ 1987ರಲ್ಲಿ ಶ್ರೀಮಂತ ದೇಶಗಳ ಪೌರತ್ವವನ್ನು ಹುಟ್ಟಿನಿಂದ ದೊರೆಯುವ ಊಳಿಗಮಾನ್ಯ ಸವಲತ್ತಿಗೆ ಹೋಲಿಸಿದಾಗ ಈ ಕೊರತೆ ಬಯಲಾಯಿತು.

ಯಾಜಕಕಾಂಡ 25:23 ಆ ಒಡೆತನವನ್ನೇ ಅಲ್ಲಗಳೆಯುತ್ತದೆ: ಭೂಮಿ ದೇವರದು; ಇಸ್ರಾಯೇಲರೂ ಅಲ್ಲಿ ಇಳುಕೊಂಡ ಪರದೇಶಸ್ಥರೇ. ಬಾಗಿಲು ಕಾಯುವವನೂ ಅತಿಥಿಯೇ ಆದಲ್ಲಿ, ಅವನ ವಿವೇಚನೆ ಒಡೆಯನದಲ್ಲ, ಮನೆವಾರ್ತೆಯವನದು. ಅದಕ್ಕೆ ಅವನು ಲೆಕ್ಕ ಒಪ್ಪಿಸಬೇಕು.

ಆದರೂ ವೇದವಾಕ್ಯದಿಂದ ವಾಲ್ಜರರನ್ನು ಮಣಿಸಿದೆವೆಂದು ಹಿಗ್ಗುವಂತಿಲ್ಲ. ಅದೇ ಅಧ್ಯಾಯದ 45ನೆಯ ವಚನವು, ಜನರ ನಡುವೆ ನೆಲಸಿದ ಪರದೇಶಸ್ಥರ ಮಕ್ಕಳನ್ನು ದಾಸರನ್ನಾಗಿ ಕೊಂಡುಕೊಳ್ಳಲು ಅನುಮತಿಸುತ್ತದೆ; ದಾಸತ್ವದಿಂದ ಕಾಯುವ ನಿಯಮ ಸ್ವಜನರಿಗೆ ಮಾತ್ರ. ಇಲ್ಲಿ ವಾಲ್ಜರರ ಎರಡನೆಯ ಬಾಗಿಲು ನಮ್ಮ ಗ್ರಂಥವನ್ನೇ ಪ್ರಶ್ನಿಸುತ್ತದೆ. ಪರದೇಶಸ್ಥನನ್ನು ತನ್ನಂತೆಯೇ ಪ್ರೀತಿಸಬೇಕೆನ್ನುವ 19:34 ಅದೇ ಪ್ರಶ್ನೆಯನ್ನು ಗ್ರಂಥದ ಒಳಗಿನಿಂದಲೇ ಎತ್ತುತ್ತದೆ.

ಆದುದರಿಂದ 19:34ನ್ನು ಪ್ರಸಂಗಪೀಠದಿಂದ ಸಾರುವವರು 25:45ನ್ನೂ ಓದಬೇಕು. ಇಲ್ಲವಾದರೆ, ದುಡಿಮೆಗೆ ಬೇಕಾದವರು, ಪಂಕ್ತಿಗೆ ಬೇಡವಾದವರು ಎಂಬ ಹಳೆಯ ವಿಂಗಡಣೆ ನಮ್ಮ ಬೋಧನೆಯ ಮರೆಯಲ್ಲಿಯೇ ಉಳಿದುಕೊಂಡೀತು.