ಲೆಕ್ಕ ಕೇಳದ ಮನೆ: ‘ಘಾಚರ್ ಘೋಚರ್’ ಮರು ಓದು

ಪುಣೆಯ ನಮ್ಮಂಥ ಐಟಿ ಮಂದಿಯಲ್ಲಿ ಒಂದು ರೂಢಿಯಿದೆ. ಪ್ರಾಜೆಕ್ಟು ಕೆಟ್ಟರೆ ಮೀಟಿಂಗು, ಗೆದ್ದರೆ ಲೋಣಾವಳಾ. ಕೆಟ್ಟಾಗ ಬಾಗಿಲು ಹಾಕಿಕೊಂಡು ಎಲ್ಲಿ ತಪ್ಪಿತು, ಯಾರು ಯಾವಾಗ ಏನು ಹೇಳಿದ್ದರು ಎಂದು ಗಂಟೆಗಟ್ಟಲೆ ಕೆದಕುತ್ತೇವೆ. ಗೆದ್ದಾಗ ಬಸ್ಸು ಮಾಡಿಕೊಂಡು ಎಕ್ಸ್‌ಪ್ರೆಸ್‌ವೇ ಹಿಡಿದು, ಘಾಟಿನ ಮಂಜಿನಲ್ಲಿ ಒಂದು ರಾತ್ರಿ ಕಳೆದು, ಚಿಕ್ಕಿಯ ಪೊಟ್ಟಣಗಳೊಂದಿಗೆ ಮರಳುತ್ತೇವೆ. ಹೇಗೆ ಗೆದ್ದೆವು, ಗೆಲ್ಲುವ ಭರದಲ್ಲಿ ಏನನ್ನು ತುಳಿದೆವು ಎಂದು ಯಾರೂ ಕೇಳುವುದಿಲ್ಲ.

ಕಳೆದ ಮಳೆಗಾಲದಲ್ಲಿ ಅಂಥದೇ ಒಂದು ಪ್ರವಾಸಕ್ಕೆ ಹೋದಾಗ ಬ್ಯಾಗಿನಲ್ಲಿ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಇತ್ತು. ಬೆಳಗಿನ ಉಪನ್ಯಾಸದ ವಿಷಯ ‘ಯಶಸ್ಸನ್ನು ನಿಭಾಯಿಸುವುದು’. ಮುಂಬಯಿಯಿಂದ ಬಂದವರು ಚೆನ್ನಾಗಿಯೇ ಮಾತಾಡಿದರು: ಹೊಸ ಗುರಿ ಇಟ್ಟುಕೊಳ್ಳಿ, ಮೈಮರೆಯಬೇಡಿ, ಮನೆಯವರಿಗೂ ಸಮಯ ಕೊಡಿ. ಮಧ್ಯಾಹ್ನ ಭೂಶಿ ಅಣೆಕಟ್ಟಿಗೆ ಹೋಗುವುದೆಂದಿತ್ತು. ಮಳೆ ಬಿಡಲಿಲ್ಲ. ಹೊರಟವರನ್ನು ಹೊರಡಲು ಬಿಟ್ಟು ನಾನು ಜಗಲಿಯಲ್ಲಿ ಕೂತು ಪುಸ್ತಕವನ್ನು ಎರಡನೆಯ ಸಲ ಓದಿದೆ. ಬೆಳಗಿನ ವಿಷಯವೇ ಇಲ್ಲಿಯೂ ಇತ್ತು. ಆದರೆ ಇದರಲ್ಲಿ ಉಪದೇಶವಿರಲಿಲ್ಲ.

2013ರಲ್ಲಿ ಕನ್ನಡದಲ್ಲಿ ಬಂದ ಈ ನೀಳ್ಗತೆ ಶ್ರೀನಾಥ ಪೇರೂರರ ಇಂಗ್ಲಿಷ್ ಅನುವಾದದ ಮೂಲಕ ಹೊರನಾಡುಗಳಿಗೂ ಹೋಯಿತು. ಕತೆ ನಮಗೆಲ್ಲ ಗೊತ್ತಿರುವಂಥದು. ಬೆಂಗಳೂರಿನ ಒಂದು ಕೆಳಮಧ್ಯಮ ವರ್ಗದ ಮನೆ. ಅಪ್ಪ ಚಹಾಪುಡಿ ಮಾರುವ ಸೇಲ್ಸ್‌ಮನ್. ಅಪ್ಪನ ಕೆಲಸ ಹೋಗುವ ಹೊತ್ತಿಗೆ ಚಿಕ್ಕಪ್ಪ ‘ಸೋನಾ ಮಸಾಲಾ’ ಶುರುಮಾಡುತ್ತಾನೆ, ಅದಕ್ಕೆ ಅಪ್ಪ ತನಗೆ ಬಂದ ಹಣ ಹಾಕುತ್ತಾನೆ. ಬೇಗನೆ ದುಡ್ಡು ಬರುತ್ತದೆ, ದೊಡ್ಡ ಮನೆ ಬರುತ್ತದೆ. ನಂತರ ಆ ಮನೆಯಲ್ಲಿ ಒಂದೊಂದೇ ಗಂಟು ಬೀಳುತ್ತ ಹೋಗುತ್ತದೆ. ಇದನ್ನು ‘ದುಡ್ಡು ಮನುಷ್ಯರನ್ನು ಕೆಡಿಸುವ ಕತೆ’ ಎಂದು ಓದುವವರೇ ಹೆಚ್ಚು. ಮೊದಲ ಸಲ ನಾನೂ ಹಾಗೆಯೇ ಓದಿದ್ದೆ. ಆ ಓದು ತಪ್ಪಲ್ಲ, ಆದರೆ ಸಾಲದು. ದುಡ್ಡು ಬಂದ ಮನೆಗಳೆಲ್ಲ ಹೀಗಾಗುವುದಿಲ್ಲವಲ್ಲ. ಈ ಮನೆಯಲ್ಲಿ ನಿಂತುಹೋದದ್ದು ಏನು ಎಂಬುದನ್ನು ನೋಡಬೇಕು.

ನನಗೆ ಕಂಡದ್ದು ಇದು: ಈ ಮನೆಯಲ್ಲಿ ಲೆಕ್ಕ ಕೇಳುವುದು ನಿಂತುಹೋಯಿತು.

ಹಳೆಯ ಮನೆಯ ಭಾಗವನ್ನು ನೆನಪಿಸಿಕೊಳ್ಳಿ. ದಿನವಿಡೀ ಅಂಗಡಿಯಿಂದ ಅಂಗಡಿಗೆ ಅಲೆದು ಬಂದ ಅಪ್ಪ ರಾತ್ರಿ ವಸೂಲಿಯ ಲೆಕ್ಕ ಹಾಕುತ್ತಾನೆ. ಲೆಕ್ಕ ತಾಳೆಯಾಗದಿದ್ದರೆ ಮನೆಯವರೆಲ್ಲರ ಜೀವ ಬಾಯಿಗೆ ಬರುತ್ತದೆ. ಗ್ಯಾಸ್ ಒಲೆ ಬರುವುದೆಂದರೆ ಅದೊಂದು ಹಬ್ಬ. ಅದನ್ನು ಎಲ್ಲಿಡಬೇಕು ಎಂಬುದು ಇಡೀ ಮನೆಯ ಚರ್ಚೆ. ಇರುವೆಗಳ ವಿರುದ್ಧದ ಯುದ್ಧದಲ್ಲೂ ಎಲ್ಲರೂ ಸೈನಿಕರು. ಬಡತನವನ್ನು ಹಾಡಿ ಹೊಗಳುವ ಪುಸ್ತಕ ಇದಲ್ಲ. ಆ ಇರುವೆಗಳನ್ನು ಕೊಲ್ಲುವ ಉತ್ಸಾಹದಲ್ಲೇ ಮುಂದಿನ ಕ್ರೌರ್ಯದ ಬೀಜವಿದೆ. ಆದರೆ ಆ ಮನೆಯಲ್ಲಿ ಯಾರ ಖರ್ಚು ಏನು, ಅದಕ್ಕೆ ದುಡ್ಡು ಎಲ್ಲಿಂದ ಬಂತು ಎಂಬುದು ಎಲ್ಲರಿಗೂ ಗೊತ್ತಿತ್ತು. ಕೊರತೆಯೇ ಅವರನ್ನು ಒಬ್ಬರಿಗೊಬ್ಬರು ಉತ್ತರ ಕೊಡುವಂತೆ ಮಾಡಿತ್ತು.

ಸೋನಾ ಮಸಾಲಾ ಗೆದ್ದ ಮೇಲೆ ಇದೆಲ್ಲ ಅನಗತ್ಯವಾಗುತ್ತದೆ. ಹೆಸರಿಲ್ಲದ ನಿರೂಪಕ ಕಂಪನಿಯ ಡೈರೆಕ್ಟರ್. ಸಂಬಳ ಬರುತ್ತದೆ, ಕೆಲಸವಿಲ್ಲ. ಸೋದರಿ ಮಾಲತಿ ಗಂಡನನ್ನು ಬಿಟ್ಟು ಬಂದಾಗ ಒಡವೆ ತರಲು ಗೂಂಡಾಗಳ ಬಲ ಒದಗುತ್ತದೆ. ಅವರು ಯಾರ ಕಡೆಯವರು, ಚಿಕ್ಕಪ್ಪನಿಗೆ ಅವರ ಪರಿಚಯ ಹೇಗೆ ಎಂದು ಯಾರೂ ಕೇಳುವುದಿಲ್ಲ. ಅಂಥ ಪ್ರಶ್ನೆ ಅನ್ನ ಹಾಕುವ ಕೈಯನ್ನೇ ಕೇಳಿದಂತೆ. ಅಪ್ಪನೊಬ್ಬನಿಗೆ ಈ ಸಂಪತ್ತಿನಲ್ಲಿ ಕಸಿವಿಸಿ. ಅದಕ್ಕೇ ಅವನು ತನ್ನ ಪಾಲನ್ನು ದಾನ ಮಾಡಿಬಿಟ್ಟರೆ ಎಂಬ ಭಯ ಉಳಿದವರಿಗೆ.

ಪುಸ್ತಕದ ಅತ್ಯಂತ ಹಿಂಸೆಯ ದೃಶ್ಯದಲ್ಲಿ ರಕ್ತವಿಲ್ಲ. ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಮನೆ ಬಾಗಿಲಿಗೆ ಬರುತ್ತಾಳೆ. ಅಮ್ಮ ಮತ್ತು ಮಾಲತಿ ಬಾಯಿಗೆ ಬಂದಂತೆ ಬಯ್ದು ಅವಳನ್ನು ಅಟ್ಟುತ್ತಾರೆ. ಅವಳು ಅವನಿಗಾಗಿ ಮಾಡಿ ತಂದ ಅಡುಗೆ ಬೀದಿಪಾಲಾಗುತ್ತದೆ. ಚಿಕ್ಕಪ್ಪ ಹೊರಗೆ ಬರುವುದಿಲ್ಲ. ನಿರೂಪಕ ನೋಡುತ್ತ ನಿಲ್ಲುತ್ತಾನೆ. ಈ ದೃಶ್ಯದಿಂದಾಗಿ, ಪುಸ್ತಕವು ಕೆಡುಕನ್ನೆಲ್ಲ ಹೆಂಗಸರ ತಲೆಗೆ ಕಟ್ಟಿತು ಎಂಬ ಆಕ್ಷೇಪ ಬರಬಹುದು. ನಿರೂಪಕನ ಮಾತನ್ನಷ್ಟೇ ನಂಬಿದರೆ ಅದು ಹೌದು. ಆದರೆ ಅವನು ನಂಬತಕ್ಕ ಸಾಕ್ಷಿಯಲ್ಲ. ಬಯ್ಯುವ ಕೆಲಸ ಹೆಂಗಸರದು, ಬಯ್ಯಿಸಿಕೊಂಡು ಶುದ್ಧವಾಗಿ ಉಳಿಯುವ ಲಾಭ ಗಂಡಸರದು. ಇದನ್ನು ಶಾನಭಾಗರು ಎಲ್ಲೂ ಬಿಡಿಸಿ ಹೇಳುವುದಿಲ್ಲ. ನಿರೂಪಕ ಎಷ್ಟು ಸಲೀಸಾಗಿ ಅಂಚಿನಲ್ಲಿ ನಿಲ್ಲುತ್ತಾನೆ ಎಂಬುದನ್ನು ಮಾತ್ರ ತೋರಿಸುತ್ತಾರೆ.

ಆ ಮನೆಯಲ್ಲಿ ಲೆಕ್ಕ ಕೇಳುವವಳು ಒಬ್ಬಳೇ, ಹೊರಗಿನಿಂದ ಬಂದ ಹೆಂಡತಿ ಅನಿತಾ. ನೀನು ದುಡಿದದ್ದು ಎಷ್ಟು ಎಂದು ಗಂಡನನ್ನು ಕೇಳುತ್ತಾಳೆ, ಬಾಗಿಲಿಗೆ ಬಂದ ಹೆಂಗಸಿನ ಪರವಾಗಿ ಮಾತಾಡುತ್ತಾಳೆ. ‘ಘಾಚರ್ ಘೋಚರ್’ ಎಂಬ ಪದವೂ ಅವಳ ತವರಿನದೇ. ಬಿಡಿಸಲಾಗದಂತೆ ಸಿಕ್ಕುಗಟ್ಟಿದ್ದಕ್ಕೆ ಅವರ ಮನೆಯೊಳಗಷ್ಟೇ ಇರುವ ಮಾತು. ಸಿಕ್ಕಿಗೆ ಹೆಸರು ತಂದವಳೇ ಕೊನೆಗೆ ಆ ಮನೆಗೆ ಬೇಡವಾದವಳು. ಮುಕ್ತಾಯದ ಸುಳಿವುಗಳನ್ನು ಇಲ್ಲಿ ಬಿಚ್ಚಿಡುವುದಿಲ್ಲ. ಕಾಫಿ ಹೌಸಿನ ಮಾಣಿ ವಿನ್ಸೆಂಟನ ಕೊನೆಯ ಮಾತನ್ನು ನೀವೇ ಓದಿ.

ಮೆಚ್ಚಿದ ಪುಸ್ತಕದ ಬಗ್ಗೆಯೂ ನನಗೊಂದು ತಕರಾರಿದೆ. ಸೋನಾ ಮಸಾಲಾ ಗೆದ್ದದ್ದು ಹೇಗೆ ಎಂಬುದು ಕೆಲವೇ ಮಾತುಗಳಲ್ಲಿ ಮುಗಿದುಹೋಗುತ್ತದೆ. ಪೊಟ್ಟಣ ಕಟ್ಟುವವರು ಯಾರು, ಅವರ ಕೂಲಿ ಎಷ್ಟು, ಅಂಗಡಿಯವನು ಯಾಕೆ ಈ ಮಸಾಲೆಯನ್ನೇ ಮುಂದೆ ಇಡುತ್ತಾನೆ? ನಿರೂಪಕನಿಗೆ ಗೊತ್ತಿಲ್ಲ, ಅದೇ ಅವನ ರೋಗ, ಒಪ್ಪುತ್ತೇನೆ. ಆದರೂ ಗೋದಾಮಿನ ಬಾಗಿಲು ಒಂದೇ ಒಂದು ಸಲ ಪೂರ್ತಿ ತೆರೆದಿದ್ದರೆ ಮನೆಯ ಮೌನದ ಬೆಲೆ ಇನ್ನೂ ಸ್ಪಷ್ಟವಾಗುತ್ತಿತ್ತು.

ಆ ಬಾಗಿಲನ್ನು ತೆರೆದವರು ಇದೇ ಘಾಟಿಯ ಆಚೆ ಮುಂಬಯಿಯಲ್ಲಿ ಬದುಕಿದ ಯಶವಂತ ಚಿತ್ತಾಲರು. ಶಾನಭಾಗರ ಹಾಗೆ ಅವರೂ ಉತ್ತರ ಕನ್ನಡದವರು, ತಾಂತ್ರಿಕ ಶಿಕ್ಷಣ ಪಡೆದವರು, ಕಂಪನಿಯ ಒಳಗನ್ನು ಬಲ್ಲವರು. 1979ರ ‘ಶಿಕಾರಿ’ಯ ನಾಗಪ್ಪ ಹಳ್ಳಿಯಿಂದ ಬಂದು ದೊಡ್ಡ ಕಂಪನಿಯಲ್ಲಿ ಮೇಲೇರಿದವನು. ಗೆಲುವು ಕೈಗೆಟುಕುವ ಹೊತ್ತಿಗೆ ಅವನ ಮೇಲೆ ವಿಚಾರಣೆ ಬೀಳುತ್ತದೆ. ಅಲ್ಲಿ ಆಫೀಸು ತುಂಬಿದೆ, ಮನೆ ಖಾಲಿ. ಇಲ್ಲಿ ಮನೆ ತುಂಬಿದೆ, ಆಫೀಸು ಖಾಲಿ. ಅಲ್ಲಿ ಲೆಕ್ಕ ಕೇಳುವುದೇ ಬೇಟೆಯ ಆಯುಧ, ಇಲ್ಲಿ ಲೆಕ್ಕವೇ ಇಲ್ಲ. ಹಾಗಾಗಿ ‘ಲೆಕ್ಕ ಕೇಳಿದರೆ ಎಲ್ಲ ಸರಿಹೋದೀತು’ ಎಂಬ ಸುಲಭದ ತೀರ್ಮಾನಕ್ಕೂ ಚಿತ್ತಾಲರು ಬಿಡುವುದಿಲ್ಲ. ಯಾರು, ಯಾರನ್ನು, ಯಾಕಾಗಿ ಕೇಳುತ್ತಿದ್ದಾರೆ ಎಂಬುದೂ ಮುಖ್ಯ. ಮೇಲಿನವನು ಕೆಳಗಿನವನನ್ನು ಕೇಳುವುದು ಸುಲಭ. ಅನಿತಾ ಕೇಳಿದ್ದು ಕೆಳಗಿನಿಂದ.

ಮನೆ ಮತ್ತು ಆಫೀಸು ಎರಡನ್ನೂ ಒಂದೇ ಚೌಕಟ್ಟಿನಲ್ಲಿಟ್ಟ ಕನ್ನಡ ಕಾದಂಬರಿಯನ್ನು, ಅದರಲ್ಲೂ ನಮ್ಮಂತೆ ಊರು ಬಿಟ್ಟು ಬಂದವರದನ್ನು, ನಾನಿನ್ನೂ ಕಾಯುತ್ತಿದ್ದೇನೆ.

ಈ ಓದು ನನ್ನನ್ನು ಯಾಕೆ ಇಷ್ಟು ಕಾಡಿತು ಎಂದರೆ, ಹಿಂದಿನ ಕಂಪನಿಯಲ್ಲಿ ನನ್ನ ತಂಡದಲ್ಲೂ ಒಬ್ಬಳಿದ್ದಳು. ಬಿಡುಗಡೆಗೆ ಹದಿನೈದು ದಿನವಿದ್ದಾಗ ಬಂದು, “ಸರ್, ಕಾಂಟ್ರಾಕ್ಟಿನವರು ರಾತ್ರಿ ಮಾಡಿದ ಕೆಲಸ ಟೈಮ್‌ಶೀಟಿನಲ್ಲಿ ಬಂದೇ ಇಲ್ಲ” ಎಂದಳು. “ರಿಲೀಸ್ ಆಗಲಿ, ಆಮೇಲೆ ನೋಡೋಣ” ಎಂದೆ. ರಿಲೀಸ್ ಆಯಿತು, ಗ್ರಾಹಕರು ಹೊಗಳಿದರು, ನನಗೆ ಬಡ್ತಿ ಬಂತು. ‘ಆಮೇಲೆ’ ಬರಲಿಲ್ಲ. ಅವಳನ್ನು ಬೇರೆ ಪ್ರಾಜೆಕ್ಟಿಗೆ ಹಾಕಿದರು. ನಾನು ಹಾಕಿಸಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಆ ಗೆಲುವಿಗೂ ಲೋಣಾವಳಾ ಆಯಿತು. ಗುಂಪು ಫೋಟೋದಲ್ಲಿ ಅವಳಿಲ್ಲ. ಅದನ್ನು ನಾನು ಗಮನಿಸಿದ್ದು ಈ ಪುಸ್ತಕ ಓದಿದ ಮೇಲೆ.

ಸಂಜೆ ಮಳೆ ಕಡಿಮೆಯಾದಾಗ ಎಲ್ಲರೂ ಚಿಕ್ಕಿ ಅಂಗಡಿಗೆ ಹೋದೆವು. ಅಲ್ಲಿ ಮಗನ್‌ಲಾಲ್ ಹೆಸರು ಹೊತ್ತ ಬೋರ್ಡು ಒಂದಲ್ಲ, ಹಲವು. ಮೂಲದ್ದು ಯಾವುದು ಎಂದು ತಂಡದ ಹುಡುಗನೊಬ್ಬ ಕೇಳಿದ. ಅಂಗಡಿಯವನು ನಕ್ಕು ತನ್ನದೇ ಎಂದ. ಎಲ್ಲರೂ ನಕ್ಕರು, ಎಲ್ಲರೂ ಕೊಂಡರು. ನಾನೂ ಅರ್ಧ ಕಿಲೋ ಕಟ್ಟಿಸಿಕೊಂಡೆ. ಬಸ್ಸಿನಲ್ಲಿ ಕೂತು ಈಗಿನ ಪ್ರಾಜೆಕ್ಟಿನ ಟೈಮ್‌ಶೀಟುಗಳನ್ನು ತೆರೆದೆ. ತಳೇಗಾಂವ್ ದಾಟುವವರೆಗೂ ನೋಡುತ್ತಿದ್ದೆ. ಪಕ್ಕದವರು ಕೇಳಿದರು, “ಗೆದ್ದಾಯ್ತಲ್ಲ ಸರ್, ಇನ್ನೇನು ನೋಡ್ತಿದ್ದೀರಿ?”