ಅನುಕರಣದ ನಾಣ್ಯಗಳೂ ಅವುಗಳ ಬೆಲೆಯೂ

ಗೋಕಾಕ, ಮೂಡಲಗಿ, ಹುಕ್ಕೇರಿಗಳಂತಹ ಊರುಗಳ ಮನೆಗಳಲ್ಲಿ ದೇವರ ಜಗಲಿಯ ಮೇಲೋ ಹಿರಿಯರ ಪೆಟ್ಟಿಗೆಯಲ್ಲೋ ಹಳೆಯ ನಾಣ್ಯವೊಂದು ದೊರೆತರೆ, ಅದು ಅಸಲೋ ನಕಲೋ ಎಂಬ ಪ್ರಶ್ನೆ ಮೊದಲು ಹುಟ್ಟುವುದು ಸಹಜ. ಆದರೆ ಅನುಕರಣವೆಲ್ಲ ಕಪಟವೆಂದು ಬಗೆದು ಬೆಲೆ ಕಟ್ಟುವುದು ತರವಲ್ಲ. ಯಾರು, ಏತಕ್ಕಾಗಿ ಅನುಕರಿಸಿದರೆಂಬುದನ್ನು ಮೊದಲು ವಿಚಾರಿಸಬೇಕು.

ವಿಜಯನಗರದ ವರಹಗಳ ಮೇಲಿದ್ದ ಉಮಾಮಹೇಶ್ವರರ ಮುದ್ರೆಯನ್ನು ಕೆಳದಿಯ ನಾಯಕರು ತಮ್ಮ ಇಕ್ಕೇರಿ ವರಹದಲ್ಲಿ ಉಳಿಸಿಕೊಂಡರು. 1763ರಲ್ಲಿ ಬಿದನೂರನ್ನು ಗೆದ್ದ ಹೈದರ ಅಲಿಯೂ ಆ ಮುದ್ರೆಯನ್ನು ತೆಗೆಯಲಿಲ್ಲ. ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪಾರಸೀ ಅಕ್ಷರವನ್ನು ಒತ್ತಿಸಿದನಷ್ಟೆ. 1799ರಲ್ಲಿ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿಯೂ ಶಿವಪಾರ್ವತಿಯರೇ ಇರುವರು. ಪೇಟೆಯು ನಂಬಿದ ಮುದ್ರೆಗೆ ಅರಸರೂ ಮಣಿಯಬೇಕಾಯಿತೆಂಬುದಕ್ಕೆ ಇವು ಸಾಕ್ಷಿ; ಇವುಗಳ ಬೆಲೆಯೂ ಅದರಲ್ಲಿಯೇ ಇದೆ.

ಬೆಳಗಾವಿ ಸೀಮೆಗೆ ಇನ್ನೂ ಹತ್ತಿರವಾದುದು ತಾಮ್ರದ ಶಿವರಾಯಿ. 1680ರಲ್ಲಿ ಶಿವಾಜಿ ಮಹಾರಾಜರು ತೀರಿಕೊಂಡ ಬಹುಕಾಲದ ಮೇಲೆಯೂ ಅನೇಕ ಟಂಕಸಾಲೆಗಳು ಅದನ್ನು ಅಚ್ಚುಹಾಕುತ್ತಿದ್ದವು. ಕೆಲವದರಲ್ಲಿ ‘ಶಿವ’ ಎಂಬುದು ‘ಸಿವ’ ಎಂದಾಗಿದೆ. ಕಾಗುಣಿತ ತಪ್ಪಿತೆಂದು ಅಂಥದನ್ನು ಮೂಲೆಗೆಸೆಯುವುದು ಅವಿವೇಕ. ಲಿಪಿಕಾರರ ತಪ್ಪುಗಳಿಂದ ಓಲೆಯ ಪ್ರತಿಗಳ ಪರಂಪರೆಯನ್ನು ಪಂಡಿತರು ಗೊತ್ತುಮಾಡುವಂತೆ, ಅಕ್ಷರಭೇದಗಳಿಂದಲೇ ಶಿವರಾಯಿಗಳನ್ನು ವಿಂಗಡಿಸಲಾಗುತ್ತದೆ.

ಶ್ರೀರಾಮ ಪಟ್ಟಾಭಿಷೇಕದ ರಾಮಟಂಕಿಯ ಮಾತು ಬೇರೆ. ಅದು ಪೂಜೆಗೆಂದು ಮಾಡಿದ ಮುದ್ರೆ. ವ್ಯವಹಾರಕ್ಕಾಗಿ ಹುಟ್ಟಿದ ನಾಣ್ಯವಲ್ಲ. ಅದರ ಮೇಲೆ ಅತಿ ಪ್ರಾಚೀನವಾದ ಅಂಕೆಗಳು ಕಂಡರೂ ಅವನ್ನು ನಂಬಲಾಗದು. ಮನೆತನದ ಭಕ್ತಿಗೆ ಅದು ಅಮೂಲ್ಯವಾಗಿರಬಹುದು. ಇತಿಹಾಸಕ್ಕೆ ಅದರಿಂದ ಅರಸನ ಸಾಕ್ಷ್ಯ ದೊರೆಯದು.

ಉಳಿದದ್ದು ನಿಜವಾದ ಕಪಟ: ಕೊಳ್ಳುವವನನ್ನು ಮೋಸಗೊಳಿಸಲೆಂದೇ ಎರಕಹೊಯ್ದದ್ದು. ವರಹವು ಅಚ್ಚಿನಿಂದ ಒತ್ತಿದ ನಾಣ್ಯ. ಎರಕದ ನಕಲಿನಲ್ಲಿ ಸಣ್ಣ ಗುಳಿಗಳೂ, ಮಬ್ಬಾದ ಗೆರೆಗಳೂ, ಕೆಲವೊಮ್ಮೆ ಅಂಚಿನ ಸುತ್ತ ಬೆಸುಗೆಯಂಥ ಗುರುತೂ ಕಾಣುವುವು. ಪೂರ್ಣ ವರಹದ ತೂಕ ಸುಮಾರು 3.4 ಗ್ರಾಂ. ಶುದ್ಧ ಚಿನ್ನವು ತನ್ನಷ್ಟೇ ಗಾತ್ರದ ನೀರಿಗಿಂತ 19 ಪಟ್ಟಿಗೂ ಮಿಕ್ಕು ಭಾರ, ತಾಮ್ರವು 9 ಪಟ್ಟಿನ ಸಮೀಪ. ಆದುದರಿಂದ ಗಾತ್ರವನ್ನೂ ತೂಕವನ್ನೂ ಕೂಡಿಸಿ ನೋಡಿದರೆ ಮುಲಾಮು ಬಯಲಾಗುವುದು.

ಪರೀಕ್ಷೆಗೆ ಮುನ್ನವೇ ಹುಣಸೆಹಣ್ಣು ಹಚ್ಚಿ ತಿಕ್ಕುವ ರೂಢಿಯಂತೂ ಎಲ್ಲಕ್ಕಿಂತ ಹಾನಿಕರ. ಶತಮಾನಗಳಲ್ಲಿ ಕಟ್ಟಿದ ಕಪ್ಪು ಪೊರೆ ಹೋದರೆ ಹಳಮೆಯ ಒಂದು ಗುರುತೇ ಹೋದಂತೆ. ಅಸಲು ನಾಣ್ಯವೂ ಆಗ ನಕಲಿನಂತೆ ತೋರುವುದು. ಹಿರಿಯರು ಕಾಯ್ದಿಟ್ಟುದನ್ನು ಹೊಳಪಿನ ಆಸೆಗೆ ಕಳೆದುಕೊಳ್ಳಬಾರದು.