ಅರವತ್ತರ ಭಾಜಕಗಳು, ನಾಲ್ಕು ಸರಪಳಿ

ಈ ವಾರ ಆಂಟಿಸಿಮೆಟ್ರಿಕ್ ಗುಣದ ಬಗ್ಗೆ ಎಂದು ಹಿಂದಿನ ವಾರವೇ ಹೇಳಿಯಾಗಿತ್ತು. ಪಾರ್ಶಿಯಲ್ ಆರ್ಡರ್‌ನ ಮೂರು ಷರತ್ತುಗಳಲ್ಲಿ ರಿಫ್ಲೆಕ್ಸಿವ್, ಟ್ರಾನ್ಸಿಟಿವ್ ಎರಡೂ ಅಷ್ಟು ತಂಟೆ ಕೊಡುವುದಿಲ್ಲ; ಎಡವುವುದೆಲ್ಲ ಆಂಟಿಸಿಮೆಟ್ರಿಕ್‌ನಲ್ಲೇ: ಎರಡು ಒಂದಕ್ಕೊಂದು ಎರಡೂ ದಿಕ್ಕಿನಲ್ಲಿ ಸಂಬಂಧಿಸಿದ್ದರೆ ಅವು ಒಂದೇ ಆಗಿರಬೇಕು. ‘ಸಿಮೆಟ್ರಿಕ್ ಅಲ್ಲದ್ದು ಆಂಟಿಸಿಮೆಟ್ರಿಕ್’ ಎಂದು ಬರೆಯುವವರಿಗೆ ಸಮತೆಯ ಸಂಬಂಧ ತೋರಿಸಿದರೆ ಸಾಕು, ಅದು ಎರಡೂ ಹೌದು. ಭಾಗಿಸುವ ಸಂಬಂಧದಲ್ಲೂ ಒಂದು ಹೊಂಡವಿದೆ. ಧನ ಪೂರ್ಣಾಂಕಗಳ ಮೇಲೆ ಅದು ಅಪ್ಪಟ ಪಾರ್ಶಿಯಲ್ ಆರ್ಡರ್. ಋಣ ಸಂಖ್ಯೆಗಳನ್ನು ಒಳಗೆ ಬಿಟ್ಟಿರೋ, ಕೆಟ್ಟಿತು: 3 ಭಾಗಿಸುತ್ತದೆ -3ನ್ನು, -3 ಭಾಗಿಸುತ್ತದೆ 3ನ್ನು, ಎರಡೂ ಒಂದೇ ಅಲ್ಲ.

ಇದನ್ನು ಇನ್ನೂ ಎಳೆಯಬಹುದಿತ್ತು. ಆದರೆ ಉದಾಹರಣೆಗೆಂದು 60ರ ಭಾಜಕಗಳ ಹಾಸೆ ಡಯಾಗ್ರಾಂ ಬರೆಯಲು ಕೂತದ್ದೇ ಮಾತು ಬೇರೆ ದಾರಿ ಹಿಡಿಯಿತು. (ಹೆಲ್ಮುಟ್ ಹಾಸೆಯ ಹೆಸರು ಅಂಟಿಕೊಂಡಿದ್ದರೂ ಇಂಥ ಚಿತ್ರವನ್ನು ಆನ್ರಿ ವೋಗ್ಟ್ 1895ರಲ್ಲೇ ಬಳಸಿದ್ದ.) ಭಾಗಿಸುವುದು ಕೆಳಗೆ, ಭಾಗಿಸಿಕೊಳ್ಳುವುದು ಮೇಲೆ: ಬುಡದಲ್ಲಿ 1, ಅದರ ಮೇಲೆ 2, 3, 5, ಆಮೇಲೆ 4, 6, 10, 15, ಮತ್ತೆ 12, 20, 30, ನೆತ್ತಿಯಲ್ಲಿ 60. ನಡುಸಾಲಿನ ನಾಲ್ಕನ್ನು ನೋಡಿ. ಒಂದು ಇನ್ನೊಂದನ್ನು ಭಾಗಿಸದು. ಯಾರು ಹಿರಿಯ, ಯಾರು ಕಿರಿಯ ಎಂಬ ಪ್ರಶ್ನೆಯೇ ಏಳದು.

ಸಂಬಂಧವನ್ನು ಚಿತ್ರದ ಬದಲು ಮ್ಯಾಟ್ರಿಕ್ಸ್ ಆಗಿ ಬರೆಯುವ ಪಂಥದವರಿಗೆ ಇದು ಕಣ್ಣಿಗೇ ಬೀಳುವುದಿಲ್ಲ. 144 ಮನೆಗಳಲ್ಲಿ ಸೊನ್ನೆ, ಒಂದು ತುಂಬಿ, ಮೂರು ಗುಣಕ್ಕೂ ಟಿಕ್ ಹಾಕಿ ಕೈತೊಳೆದುಕೊಳ್ಳುತ್ತಾರೆ. ಕಂಪ್ಯೂಟರ್‌ಗೆ ಅದು ಹಿತ, ಒಪ್ಪೋಣ. ಮನುಷ್ಯರಿಗೇಕೆ ಆ ಶಿಕ್ಷೆ?

ಪಠ್ಯಪುಸ್ತಕ ಅಧ್ಯಾಯ ಮುಗಿಸುವ ಕಡೆಯೇ ರಾಬರ್ಟ್ ಡಿಲ್‌ವರ್ತ್ ಶುರುಮಾಡುತ್ತಾನೆ. 1950ರ ಅವನ ಪ್ರಮೇಯ ಹೇಳುವುದಿಷ್ಟು: ಪರಿಮಿತ ಪೋಸೆಟ್ (ಪಾರ್ಶಿಯಲ್ ಆರ್ಡರ್ ಇರುವ ಗಣ) ಒಂದರಲ್ಲಿ ಪರಸ್ಪರ ಹೋಲಿಸಲಾಗದವರ ಅತಿ ದೊಡ್ಡ ಗುಂಪಿನಲ್ಲಿ ಎಷ್ಟು ಮಂದಿಯೋ, ಇಡೀ ಪೋಸೆಟ್ಟನ್ನು ಹಂಚಲು ಕನಿಷ್ಠ ಅಷ್ಟೇ ಸರಪಳಿ (ಯಾವ ಇಬ್ಬರನ್ನೂ ಹೋಲಿಸಬಹುದಾದ ಸಾಲು) ಬೇಕು, ಅಷ್ಟೇ ಸಾಕು. ನಮ್ಮ ಚಿತ್ರದಲ್ಲಿ ಆ ಸಂಖ್ಯೆ ನಾಲ್ಕು. 1–2–4–12–60 ಒಂದು, 3–6–30 ಎರಡು, 5–10–20 ಮೂರು, ಉಳಿದ 15 ಒಂಟಿ ಸರಪಳಿ. ಹನ್ನೆರಡೂ ಬಂದವು. ನಾಲ್ಕಕ್ಕಿಂತ ಕಡಿಮೆ ಆಗದೆಂಬುದು ಸುಲಭ: 4, 6, 10, 15ರಲ್ಲಿ ಯಾವ ಎರಡೂ ಒಂದೇ ಸರಪಳಿಯಲ್ಲಿ ಕೂರಲಾರವು. ಯಾವ ಪರಿಮಿತ ಪೋಸೆಟ್‌ನಲ್ಲಾದರೂ ಅಷ್ಟೇ ಸರಪಳಿ ಸಾಕಾಗುತ್ತದೆಂದು ತೋರಿಸುವುದರಲ್ಲೇ ಬೆವರು ಇರುವುದು.

ಪ್ರಮೇಯದಲ್ಲಿ ಸರಪಳಿ, ಗುಂಪುಗಳನ್ನು ಅದಲುಬದಲು ಮಾಡಿ ತಲೆಕೆಳಗು ಮಾಡಿದರೆ ಬೆವರಿಲ್ಲ. ಅತಿ ಉದ್ದದ ಸರಪಳಿಯಲ್ಲಿ ಐವರಿದ್ದರೆ, ಹೋಲಿಸಲಾಗದವರ ಐದು ಗುಂಪು ಸಾಕು. ಇದು ಲಿಯೊನ್ ಮಿರ್ಸ್ಕಿ 1971ರಲ್ಲಿ ತೋರಿಸಿದ್ದು. ಪ್ರತಿ ಸಂಖ್ಯೆಯ ಪಕ್ಕ, ಅದರಲ್ಲಿ ಕೊನೆಗೊಳ್ಳುವ ಅತಿ ಉದ್ದದ ಸರಪಳಿಯ ಉದ್ದವನ್ನು ಬರೆಯಿರಿ: 1ಕ್ಕೆ ಒಂದು, 15ಕ್ಕೆ ಮೂರು, 60ಕ್ಕೆ ಐದು. ಒಂದೇ ಅಂಕ ಬಂದವರನ್ನು ಹೋಲಿಸಲಾಗದು, ಏಕೆಂದರೆ ಒಂದು ಇನ್ನೊಂದರ ಕೆಳಗಿದ್ದಿದ್ದರೆ ಮೇಲಿನದಕ್ಕೆ ಒಂದಾದರೂ ಹೆಚ್ಚು ಬರಬೇಕಿತ್ತು.